ವರಸೆಯ ಗೆರೆ ಎಳೆದವರು ಯಾರು?

ಸೋದರಮಾವನನ್ನೇ ಮದುವೆಯಾದ ಹೆಣ್ಣಿನ ಮಗುವಿಗೆ ಒಬ್ಬಳೇ ಮುದುಕಿ ತಂದೆಯ ಕಡೆಯಿಂದ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜಿ. ಅತ್ತೆಯ ಮಗನಿಗೂ ಮಾವನ ಮಗಳಿಗೂ ಮದುವೆಯಾದರೆ, ಅವರ ಮಕ್ಕಳಿಗೆ ಎಂಟು ಮಂದಿ ಮುತ್ತಜ್ಜ-ಮುತ್ತಜ್ಜಿಯರ ಜಾಗದಲ್ಲಿ ಆರೇ ಮಂದಿ. ವಂಶವೃಕ್ಷ ಬರೆಯಲು ಕೂತವರು ಇಲ್ಲಿಗೆ ಬಂದಾಗ ಮುಜುಗರಪಟ್ಟು ಒಂದು ಗೆರೆ ಅಳಿಸಿಬಿಡುವುದುಂಟು. ಅಳಿಸಬಾರದು. ವರಸೆಯನ್ನು ನಿರ್ಣಯಿಸುವುದು ಬರಿಯ ರಕ್ತವಾಗಿದ್ದರೆ ಆ ಮುಜುಗರಕ್ಕೆ ಅರ್ಥವಿತ್ತು. ನಿರ್ಣಯಿಸಿದ್ದು ಸಮಾಜ ಒಪ್ಪಿಕೊಂಡ ಧರ್ಮ.

ಸೋದರಮಾವನ ಮಗಳೂ ಚಿಕ್ಕಮ್ಮನ ಮಗಳೂ ರಕ್ತದಲ್ಲಿ ಒಂದೇ ದೂರ. ಆದರೂ ನಮ್ಮ ಅನೇಕ ಸಮುದಾಯಗಳಲ್ಲಿ ಮೊದಲನೆಯವಳು ತೊಟ್ಟಿಲಲ್ಲಿದ್ದಾಗಲೇ ಸೊಸೆ, ಎರಡನೆಯವಳು ತಂಗಿ. ಅವಳ ವಿಷಯದಲ್ಲಿ ಮದುವೆಯ ಮಾತೆತ್ತುವುದೇ ಪಾಪ. ಮನುಸ್ಮೃತಿಗೆ ಈ ಭೇದವಿಲ್ಲ. ಸೋದರತ್ತೆ, ಚಿಕ್ಕಮ್ಮ, ಸೋದರಮಾವ ಮೂವರ ಹೆಣ್ಣುಮಕ್ಕಳನ್ನೂ ಒಟ್ಟಿಗೆ ನಿಷೇಧಿಸಿ, ತಪ್ಪಿದವನಿಗೆ ಚಾಂದ್ರಾಯಣವೆಂಬ ಪ್ರಾಯಶ್ಚಿತ್ತ ವಿಧಿಸುತ್ತದೆ. ಬೌಧಾಯನ ಧರ್ಮಸೂತ್ರವಾದರೋ ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ವರಿಸುವುದನ್ನು ದಕ್ಷಿಣದವರ ಆಚಾರವೆಂದೇ ಪಟ್ಟಿ ಮಾಡುತ್ತದೆ (ಅದೇ ಪಟ್ಟಿಯಲ್ಲಿ ತಂಗಳನ್ನ ಉಣ್ಣುವುದೂ ಇದೆ!). ದೇಶಾಚಾರವೇ ಪ್ರಮಾಣವೆಂಬ ಮಾತನ್ನೂ ಅದನ್ನೊಪ್ಪದ ಗೌತಮನ ಮತವನ್ನೂ ಅದು ಅಲ್ಲೇ ದಾಖಲಿಸುತ್ತದೆ. ವಿಜಯನಗರದ ಕಾಲದ ಮಾಧವಾಚಾರ್ಯರು ಪರಾಶರ ಮಾಧವೀಯದಲ್ಲಿ ಮಾವನ ಮಗಳ ಮದುವೆಯನ್ನು ಸಮರ್ಥಿಸಿದರು. ಇಂಗ್ಲೆಂಡಿನ ಗೆರೆ ಇನ್ನೊಂದು ಬಗೆಯದು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾಗಲು ಚರ್ಚಿನ ಅಡ್ಡಿ ಇರಲಿಲ್ಲ. ಆದರೆ ತೀರಿಕೊಂಡ ಹೆಂಡತಿಯ ತಂಗಿಯನ್ನು, ರಕ್ತಸಂಬಂಧವೇ ಇಲ್ಲದವಳನ್ನು, ಮದುವೆಯಾಗಲು ಅಲ್ಲಿನವರು 1907ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಹಾಗಾದರೆ ವಿಜ್ಞಾನ ಹೇಳುವ ಅಪಾಯ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಹತ್ತಿರದ ಸಂಬಂಧದಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚು, ಸೋದರಮಾವನೊಂದಿಗಿನ ಮದುವೆಯಲ್ಲಿ ಇನ್ನೂ ಹೆಚ್ಚು. ಅದು ಮುಂದಿನ ಮದುವೆಗೆ ಎಚ್ಚರಿಕೆ. ಆಗಿಹೋದ ಮದುವೆಯನ್ನು ಅಧರ್ಮವೆನ್ನಲು ಆಧಾರವಾಗದು. ಗೆರೆ ಎಳೆದದ್ದು ಸಮಾಜವೇ ಆದರೆ ಅದಕ್ಕೆ ಬೆಲೆಯೇನು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಯಾರ ಮನೆಯಲ್ಲಿ ತಂಗಿಯ ಹಾಗೆ ನಿಶ್ಚಿಂತೆಯಿಂದ ಇರಬಹುದು, ಬಾಣಂತನ ಯಾರದು, ತವರಿನ ಹಂಗು ಎಷ್ಟು ಎಂಬುದೆಲ್ಲ ಆ ಗೆರೆಯ ಮೇಲೆಯೇ ನಿಂತಿದೆ. ಮನುಷ್ಯರು ಎಳೆದದ್ದೆಂಬ ಕಾರಣಕ್ಕೆ ಅದು ಹುಸಿಯಾಗುವುದಿಲ್ಲ. ಆದರೆ ಹೊಲ ಕೈಬಿಡದಿರಲೆಂದು ಹುಡುಗಿಯನ್ನು ಕೇಳದೆ ಮಾವನಿಗೆ ಕೊಟ್ಟ ಮದುವೆಗಳನ್ನು ನಾನು ಸಮರ್ಥಿಸಲಾರೆ. ತಪ್ಪಿರುವುದು ಆ ಕೇಳದಿರುವಿಕೆಯಲ್ಲಿ.

1955ರ ಹಿಂದೂ ವಿವಾಹ ಕಾಯ್ದೆಯೂ ನಿಷಿದ್ಧ ಸಂಬಂಧಗಳನ್ನು ಹೆಸರಿಸಿ, ರೂಢಿ ಒಪ್ಪಿದಲ್ಲಿ ವಿನಾಯಿತಿ ಕೊಟ್ಟಿದೆ. ವಂಶಾವಳಿ ಬರೆಯುವವರು ಎರಡೂ ಗೆರೆಗಳನ್ನು ಉಳಿಸಲಿ. ನಾಳೆ ವೈದ್ಯರು ಕೇಳುವುದೂ ಅದನ್ನೇ.