ಕಸದ ಋಣ

ಬೆಲ್ಲದ ಬಾಗೇವಾಡಿಯ ಹೆಸರಿನಲ್ಲಿಯೇ ಬೆಲ್ಲವಿರುವದು. ಕಬ್ಬಿನ ರಸವು ಕೊಪ್ಪರಿಗೆಗೆ ಹೋದ ಬಳಿಕ ಉಳಿಯುವ ಸಿಪ್ಪೆಯನ್ನು ನಾವು ಕಸವೆನ್ನುವೆವು. ಆದರೆ ಆ ರಸವನ್ನು ಕುದಿಸುವ ಒಲೆಗೆ ಆ ಸಿಪ್ಪೆಯೇ ಉರುವಲು. ಅದು ಉರಿದ ಮೇಲೆ ಉಳಿಯುವ ಬೂದಿಯನ್ನು ಕಾಂಕ್ರೀಟಿನಲ್ಲಿ ಉಸುಕಿನ ಇಲ್ಲವೆ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬೆರಸಬಹುದೆಂದು ಪ್ರಯೋಗಶಾಲೆಗಳು ಹೇಳುತ್ತಿರುವವು. ಬೆರಸಲು ಬರುವದೇ ಎಂಬುದು ಶಿಲ್ಪಿಯ ಪ್ರಶ್ನೆ. ಬೆರಸುವದು ಧರ್ಮವೇ ಎಂಬುದು ನಮ್ಮೆಲ್ಲರ ಪ್ರಶ್ನೆ.

ಬೆರಸಬೇಕೆಂಬವರ ಪಕ್ಷವು ಬಲವಾದುದೇ ಸರಿ. ಕಾಂಕ್ರೀಟಿನ ಗಾತ್ರದಲ್ಲಿ ಸುಮಾರು ಮುಕ್ಕಾಲು ಪಾಲು ಉಸುಕು-ಜಲ್ಲಿಗಳೇ. ನದಿಯು ತಂದು ತುಂಬುವದಕ್ಕಿಂತ ಹೆಚ್ಚಾಗಿ ನಾವು ಉಸುಕನ್ನು ತೋಡಿದರೆ ದಂಡೆ ಕುಸಿಯುವದು, ನೆರೆಯ ಬಾವಿಗಳ ನೀರು ಇಳಿಯುವದು. ಹಿರಣ್ಯಕೇಶಿ, ಘಟಪ್ರಭೆಗಳ ನೀರುಂಡ ಹುಕ್ಕೇರಿ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇತ್ತ ಚೆನ್ನಾಗಿ ಸುಟ್ಟು ನುಣ್ಣಗೆ ಅರೆದ ಬೂದಿಯ ಸಿಲಿಕವು ಸಿಮೆಂಟಿನ ಸುಣ್ಣದೊಡನೆ ಕೂಡಿ ತಾನೂ ಗಟ್ಟಿಯಾಗುವದು. 2000ದ ಭಾರತೀಯ ಸಂಹಿತೆ ಐ.ಎಸ್. 456 ಬತ್ತದ ಹೊಟ್ಟಿನ ಬೂದಿಗೆ ಅಧಿಕಾರಿಯ ಒಪ್ಪಿಗೆಯ ಮೇರೆಗೆ ಸ್ಥಾನವನ್ನಿತ್ತಿತು.

ಆದರೆ ಎರಡು ಋಣಗಳನ್ನು ಮರೆಯಬಾರದು. ಮೊದಲನೆಯದು, ಆ ಮನೆಯಲ್ಲಿ ವಾಸಿಸುವವನ ಋಣ. ನಮ್ಮ ಹಿರಿಯರು ಸುಣ್ಣದ ಗಾರೆಗೆ ಬೆಲ್ಲದ ನೀರನ್ನು ಬೆರಸುತ್ತಿದ್ದರು. ಅದೇ ಸಿಹಿಯು ಅಲ್ಪಾಂಶದಲ್ಲಿ ಸೇರಿದರೂ ಸಿಮೆಂಟು ಬೇಗ ಬಿಗಿಯದು. ಹಸಿ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುವದು. ಅರೆಬೆಂದ ಬೂದಿಯಲ್ಲಿ ಇದ್ದಲು ಉಳಿದು ನೀರನ್ನು ಹೀರುವದು. ಪರೀಕ್ಷಿಸದೆ ಬೆರಸಿದವನು ಹಣವನ್ನು ಉಳಿಸಿಕೊಳ್ಳುವನು. ಅಪಾಯವನ್ನು ಹೊರುವವನು ಬೇರೊಬ್ಬನು. ಮಾಳಿಗೆಯ ಕೆಳಗೆ ಮಲಗಿದ ಕೂಸು ಮಿಶ್ರಣದ ಲೆಕ್ಕವನ್ನು ಕೇಳಲಾರದು. ಕೇಳಲಾರದವರ ಪರವಾಗಿ ಕೇಳುವದೇ ಧರ್ಮವು.

ಎರಡನೆಯದು, ಹೊಲದ ಋಣ. ಕಬ್ಬಿನ ರವದಿಯು ಕೊಳೆತರೆ ಮಣ್ಣಿಗೆ ಆಹಾರ. ಕಸಕ್ಕೆ ಬೆಲೆ ಬಂದಿತೆಂದು ಅದನ್ನೂ ಹೊತ್ತೊಯ್ದರೆ, ನದಿಯನ್ನು ಉಳಿಸುವ ನೆಪದಲ್ಲಿ ಹೊಲವನ್ನು ಬಡವಾಗಿಸಿದಂತೆ.

ಆದುದರಿಂದ, ಮಣ್ಣು ತಿನ್ನಬಲ್ಲದ್ದನ್ನು ಮಣ್ಣಿಗೆ ಬಿಡುವಾ. ಒಲೆಯು ಉಂಡು ಬಿಟ್ಟ ಬೂದಿಯನ್ನು ಪರೀಕ್ಷೆಗೊಡ್ಡಿ ಗೋಡೆಗೆ ಕೊಡುವಾ. ಮೊದಲು ಹಾದಿಯ ಹಾಸಿಗೂ ಬೇಲಿಯ ಕಂಬಕ್ಕೂ ಹಾಕಿ ನೋಡಿ, ಮಾಳಿಗೆಗೆ ಕಟ್ಟಕಡೆಗೆ ಕೈಯಿಡುವದು ಲೇಸು. ಅಷ್ಟು ತಾಳ್ಮೆಯಿಲ್ಲದವನು ಕಸವನ್ನು ಉಪಯೋಗಿಸಿದಂತಾಗದು. ತನ್ನ ಮನೆಯ ಕಸವನ್ನು ನೆರೆಯವನ ತಲೆಯ ಮೇಲೆ ಏರಿಸಿದಂತಾಗುವದು.