ಬೆರಳಿನ ನುಡಿಗೂ ಆಚಾರವುಂಟು

ಮನಸ್ಸು, ಮಾತು, ಕಾಯ ಈ ಮೂರೂ ನಿರ್ಮಲವಾಗಿರುವುದನ್ನೇ ತ್ರಿಕರಣಶುದ್ಧಿಯೆಂದು ಹಿರಿಯರು ಕರೆದರು. ಮನಸ್ಸಿನಲ್ಲಿದ್ದುದು ಮಾತಾಗಿ ಹೊರಬೀಳುತ್ತದೆ. ಮಾತು ಕೇಳಿದವರ ಬಾಳಿನಲ್ಲಿ ಕೃತಿಯಂತೆಯೇ ಫಲ ಕೊಡುತ್ತದೆ. ಆದುದರಿಂದಲೇ ಶಿವಶರಣರು ನುಡಿಯನ್ನು ನಡೆಯಿಂದ ಬೇರ್ಪಡಿಸಲಿಲ್ಲ. ಈ ಕಾಲದಲ್ಲಾದರೋ ನುಡಿಯು ನಾಲಗೆಯಿಂದ ಮಾತ್ರ ಹೊರಡದೆ ಬೆರಳ ತುದಿಯಿಂದಲೂ ಹೊರಡುತ್ತದೆ. ಇಷ್ಟಲಿಂಗವನ್ನು ಇರಿಸಿಕೊಂಡು ಪೂಜಿಸುವ ಕರಸ್ಥಲವೇ ದಿನದ ಉಳಿದ ಹೊತ್ತಿನಲ್ಲಿ ಮೊಬೈಲಿಗೂ ಆಶ್ರಯವಾಗಿದೆ. ಪೂಜೆಯ ವೇಳೆಯಲ್ಲಿ ಶುದ್ಧವಾಗಿದ್ದ ಕೈ ಆಮೇಲೆ ಏನನ್ನು ಬರೆಯುತ್ತದೆಂಬುದನ್ನು ಸದ್ಭಕ್ತರು ವಿಚಾರಿಸಬೇಕಾಗಿದೆ. ತಮ್ಮ ಮಕ್ಕಳ ವಿಷಯದಲ್ಲಂತೂ ಅವಶ್ಯವಾಗಿ ವಿಚಾರಿಸಬೇಕಾಗಿದೆ.

ಶಾಲೆಯ ಮಕ್ಕಳು ವಾಟ್ಸಾಪ್ ಗುಂಪು ಕಟ್ಟಿಕೊಂಡು ತಮ್ಮೊಳಗಿನ ಒಬ್ಬನನ್ನು ಹಾಸ್ಯಕ್ಕೆ ಗುರಿಮಾಡುವುದುಂಟು. ಅವನ ಮೈಬಣ್ಣ, ತೊದಲು, ಬಡತನ, ಜಾತಿ ಯಾವುದಾದರೊಂದು ನೆಪವಾಗುತ್ತದೆ. ಒಬ್ಬ ಬಾಲಕಿಯ ಚಿತ್ರವನ್ನು ವಿಕಾರಗೊಳಿಸಿ ಹಂಚುವುದು, ಅವಳ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದು, ಎಲ್ಲರನ್ನೂ ಸೇರಿಸಿ ಅವಳೊಬ್ಬಳನ್ನೇ ಹೊರಗಿಡುವುದು ಇವೂ ಅದೇ ಜಾತಿಯ ಕೃತ್ಯಗಳು. ಇದನ್ನೇ ಸೈಬರ್ ಬುಲ್ಲಿಯಿಂಗ್ ಎನ್ನುತ್ತಾರೆ. ನಾರ್ವೆ ದೇಶದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಇಂಥ ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಮತ್ತು ಬಲದಲ್ಲಿ ಅಸಮತೆ. ಸರಿಸಮಾನರಾದ ಇಬ್ಬರು ಗೆಳೆಯರು ಒಮ್ಮೆ ಜಗಳವಾಡಿದರೆ ಅದು ಜಗಳವಷ್ಟೆ. ಹತ್ತು ಜನರು ಸೇರಿ ಒಬ್ಬನನ್ನು ದಿನವೂ ಕುಗ್ಗಿಸಿದರೆ ಅದು ಹಿಂಸೆ.

ಹಿಂದೆಯೂ ಮಕ್ಕಳು ಒಬ್ಬರನ್ನೊಬ್ಬರು ಗೇಲಿಮಾಡುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಮಾಡುತ್ತಿದ್ದರು. ಆದರೆ ಮನೆಯ ಹೊಸ್ತಿಲು ದಾಟಿ ಒಳಬಂದ ಮಗುವಿಗೆ ಅಲ್ಲಿ ನೆಮ್ಮದಿ ಸಿಗುತ್ತಿತ್ತು. ಈಗಿನ ಗೇಲಿಯು ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಆಡಿದ ಮಾತು ಗಾಳಿಯಲ್ಲಿ ಕರಗುತ್ತಿತ್ತು; ಬರೆದು ಕಳುಹಿಸಿದ ಮಾತು ನೂರಾರು ಕೈಗಳಲ್ಲಿ ಪ್ರತಿಯಾಗಿ ಉಳಿಯುತ್ತದೆ. ಎದುರಿಗೆ ನಿಂತು ಬೈದವನಿಗೆ ಬೈಸಿಕೊಂಡವನ ಕಣ್ಣೀರು ಕಾಣುತ್ತಿತ್ತು. ಕಂಡಾಗ ಕರುಳು ಕರಗುವ ಸಂಭವವಿತ್ತು. ತೆರೆಯ ಮರೆಯಲ್ಲಿರುವವನಿಗೆ ಆ ಕಣ್ಣೀರು ಕಾಣುವುದೇ ಇಲ್ಲ. ೨೦೧೯ರಲ್ಲಿ ಯುನಿಸೆಫ್ ಸಂಸ್ಥೆಯು ೩೦ ದೇಶಗಳ ಯುವಜನರನ್ನು ಕೇಳಿದಾಗ ಮೂವರಲ್ಲಿ ಒಬ್ಬರು ತಾವು ಇಂಥ ಕಿರುಕುಳಕ್ಕೆ ಒಳಗಾಗಿರುವುದಾಗಿಯೂ, ಐವರಲ್ಲಿ ಒಬ್ಬರು ಇದರ ದೆಸೆಯಿಂದ ಶಾಲೆ ತಪ್ಪಿಸಿರುವುದಾಗಿಯೂ ತಿಳಿಸಿದರು.

ಪೀಡಿಸುವವನ ಮುಖ್ಯ ಆಯುಧವು ಹೆಸರು. ಅಡ್ಡಹೆಸರೊಂದನ್ನು ಅಂಟಿಸಿ ಅವನು ಮನುಷ್ಯನನ್ನು ಕಿರಿದುಮಾಡುತ್ತಾನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧವಾದುದು. ಲೋಕವು ಯಾವ ಕುಲದ, ಯಾವ ಕಾಯಕದ ಹೆಸರು ಹೇಳಿ ಹೀಯಾಳಿಸುತ್ತಿತ್ತೋ ಆ ಹೆಸರುಗಳೇ ಶರಣರ ಗೋಷ್ಠಿಯಲ್ಲಿ ಗೌರವದ ಬಿರುದುಗಳಾದವು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎನ್ನುವಾಗ ಭಕ್ತರು ಇಂದಿಗೂ ತಲೆಬಾಗುತ್ತಾರೆ. ಆ ಪರಂಪರೆಯ ಮನೆಯ ಮಗುವು ಸಹಪಾಠಿಯ ಜಾತಿಯನ್ನೋ ಅಂಗವನ್ನೋ ಎತ್ತಿ ಆಡಿದರೆ ಅದು ಶಿವಾಚಾರಕ್ಕೇ ಭಂಗವಲ್ಲವೇ? ಸರ್ವರನ್ನೂ ಸಮಾನವಾಗಿ ಕಾಣುವುದೇ ಶಿವಾಚಾರ.

ಇಲ್ಲಿ ಗೃಹಸ್ಥರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸ್ತುತಿನಿಂದೆಗಳಲ್ಲಿ ಸಮಚಿತ್ತರಾಗಿರಬೇಕೆಂದು ಅಕ್ಕಮಹಾದೇವಿಯವರು ಬೋಧಿಸಿದರು. ಆ ಬೋಧೆಯು ಸಾಧಕನು ತನಗೆ ತಾನೇ ಹಾಕಿಕೊಳ್ಳುವ ನಿಯಮ. ನೊಂದು ಬಂದ ಹನ್ನೆರಡು ವರ್ಷದ ಮಗುವಿಗೆ ಅದನ್ನೇ ಹೇಳಿ, “ಸಹಿಸಿಕೊಂಡು ಸುಮ್ಮನಿರು” ಎನ್ನುವುದು ಬೋಧೆಯಲ್ಲ; ಹಿರಿಯರು ತಮ್ಮ ಹೊಣೆಯಿಂದ ಜಾರಿಕೊಳ್ಳುವ ಉಪಾಯ. ತಾಳ್ಮೆಯನ್ನು ತನಗೆ ವಿಧಿಸಿಕೊಳ್ಳಬೇಕು, ರಕ್ಷಣೆಯನ್ನು ಮಗುವಿಗೆ ನೀಡಬೇಕು.

ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದುಂಟು. ಶಿವನಿಂದೆ, ಶರಣನಿಂದೆಗಳನ್ನು ಕೇಳಿ ಸುಮ್ಮನಿರದಿರುವುದೇ ಅದರ ತಿರುಳು. ಗುಂಪಿನಲ್ಲಿ ಒಬ್ಬನು ಹೀಯಾಳಿಸುತ್ತಾನೆ, ಇಬ್ಬರು ನಗುತ್ತಾರೆ, ಉಳಿದವರು ನೋಡುತ್ತಾರೆ. ನೋಡುವವರ ಮೌನವೇ ಹೀಯಾಳಿಸುವವನಿಗೆ ಬಲ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾನಿಲಯದ ವಿದ್ವಾಂಸರು ರೂಪಿಸಿ, ೨೦೦೯ರಿಂದ ಆ ದೇಶದ ಶಾಲೆಗಳಲ್ಲಿ ಹಬ್ಬಿದ ‘ಕಿವಾ’ ಎಂಬ ಶಿಕ್ಷಣಕ್ರಮವು ಈ ತತ್ತ್ವವನ್ನೇ ಆಧರಿಸಿದೆ: ನೋಡುವವರನ್ನು ನೊಂದವನ ಕಡೆಗೆ ತಿರುಗಿಸಿದರೆ ಪೀಡಕನ ಆಟ ನಿಲ್ಲುತ್ತದೆ. ಆದರೆ ಗಣಾಚಾರವೆಂದರೆ ಬೈಗುಳಕ್ಕೆ ಬೈಗುಳವಲ್ಲ. ನಗದಿರುವುದು, ಮುಂದಕ್ಕೆ ಕಳುಹಿಸದಿರುವುದು, ನೊಂದವನ ಪಕ್ಕದಲ್ಲಿ ಹೋಗಿ ಕೂಡುವುದು, ಗುರುಹಿರಿಯರಿಗೆ ತಿಳಿಸುವುದು ಇವಿಷ್ಟು ಮಗುವಿನ ಗಣಾಚಾರ.

ತಂದೆತಾಯಿಗಳ ಕರ್ತವ್ಯವೇನು? ಮೊಬೈಲ್ ಸದ್ದಾದೊಡನೆ ಮಗು ಬೆಚ್ಚುವುದು, ಊಟನಿದ್ರೆ ಕೆಡುವುದು, ಶಾಲೆಗೆ ಹೋಗಲೊಲ್ಲದಿರುವುದು, ಗೆಳೆಯರಿಂದ ದೂರ ಸರಿಯುವುದು ಇವುಗಳನ್ನು ಕಂಡರೆ ಪ್ರೀತಿಯಿಂದ ವಿಚಾರಿಸಬೇಕು. ಹೇಳಿದರೆ ಮೊಬೈಲ್ ಕಸಿದುಕೊಳ್ಳುವರೆಂಬ ಭಯದಿಂದಲೇ ಅನೇಕ ಮಕ್ಕಳು ಬಾಯಿ ಬಿಡುವುದಿಲ್ಲ. ಪೆಟ್ಟು ತಿಂದವನನ್ನೇ ದಂಡಿಸುವುದು ನ್ಯಾಯವಲ್ಲ. ಮೊದಲು ಮಗುವಿನ ಮಾತನ್ನು ಪೂರ್ಣವಾಗಿ ಕೇಳಬೇಕು. ತಪ್ಪು ನಿನ್ನದಲ್ಲವೆಂದು ಹೇಳಬೇಕು. ಪ್ರತ್ಯುತ್ತರ ಕೊಡದಂತೆ ತಿಳಿಸಬೇಕು. ಬಂದ ಸಂದೇಶಗಳ ಸ್ಕ್ರೀನ್‌ಶಾಟನ್ನು ದಿನಾಂಕಸಹಿತ ಉಳಿಸಿಕೊಂಡು, ಆಮೇಲೆ ಕಳುಹಿಸಿದವನನ್ನು ಬ್ಲಾಕ್ ಮಾಡಿ ಶಾಲೆಯ ಮುಖ್ಯರನ್ನು ಕಾಣಬೇಕು. ಅಶ್ಲೀಲಚಿತ್ರದ ಸಂಗತಿಯಾದರೆ ಸಾಕ್ಷ್ಯಕ್ಕೆಂದೂ ಅದನ್ನು ಯಾರಿಗೂ ಕಳುಹಿಸದೆ ನೇರವಾಗಿ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಅಂಥ ಚಿತ್ರಗಳನ್ನು ಹಂಚುವುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೭ಬಿ ಕಲಮಿನಂತೆ ಅಪರಾಧ. ಮಕ್ಕಳ ಸಹಾಯವಾಣಿ ೧೦೯೮. ಮಗುವಿನ ಮನಸ್ಸು ತೀರ ಕುಗ್ಗಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, ಅದನ್ನು ಹುಡುಗಾಟವೆಂದು ತಳ್ಳಿಹಾಕದೆ, ಮಗುವನ್ನು ಒಂಟಿಯಾಗಿ ಬಿಡದೆ, ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಕರೆ ಮಾಡಬೇಕು.

ಪೀಡಿಸಿದವನು ತಮ್ಮ ಮಗನೇ ಎಂದು ತಿಳಿದಾಗಲೇ ಗೃಹಸ್ಥನ ನಿಜವಾದ ಪರೀಕ್ಷೆ. “ನಮ್ಮ ಹುಡುಗ ಅಂಥವನಲ್ಲ” ಎಂದು ವಾದಿಸುವುದು ಮೋಹ. ಹಿಡಿದು ಬಡಿಯುವುದು ಕ್ರೋಧ. ಬಲವುಳ್ಳವನು ದುರ್ಬಲನನ್ನು ನೋಯಿಸಬಹುದೆಂಬ ಪಾಠವನ್ನೇ ಆ ಪೆಟ್ಟು ಅವನಿಗೆ ಮತ್ತೊಮ್ಮೆ ಕಲಿಸುತ್ತದೆ. ಬರೆದುದನ್ನು ಅವನ ಕೈಯಿಂದಲೇ ಅಳಿಸಿಸಿ, ಹಂಚಿಕೊಂಡವರಿಗೂ ಅಳಿಸುವಂತೆ ಅವನಿಂದಲೇ ಕೇಳಿಸಿ, ನೊಂದ ಮಗು ಒಪ್ಪಿದಲ್ಲಿ ಅದರ ಎದುರಿಗೆ ಅವನು ತಪ್ಪೊಪ್ಪಿಕೊಳ್ಳುವಂತೆ ಮಾಡಬೇಕು. ತನ್ನನ್ನು ಕಿರಿಯನೆಂದು ಬಗೆದು ವಿನಯದಿಂದ ಬಾಗುವ ಭೃತ್ಯಾಚಾರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವಿಲ್ಲ.

ಕೊನೆಯದಾಗಿ, ಮಕ್ಕಳು ಕೇಳಿದ್ದಕ್ಕಿಂತ ಕಂಡದ್ದನ್ನು ಹೆಚ್ಚು ಕಲಿಯುತ್ತಾರೆ. ಬಂಧುಗಳ ಗುಂಪಿನಲ್ಲಿ ಹಿರಿಯರೇ ಪರರ ಚಿತ್ರವನ್ನಿಟ್ಟು ನಗೆಯಾಡಿದರೆ, ಪರೀಕ್ಷಿಸದ ನಿಂದೆಯನ್ನು ಮುಂದಕ್ಕೆ ಕಳುಹಿಸಿದರೆ, ಮಕ್ಕಳಿಗೆ ಸದಾಚಾರವನ್ನು ಯಾರು ಕಲಿಸಬೇಕು? ಕಳುಹಿಸುವ ಮುನ್ನ ಒಂದು ಕ್ಷಣ ಬೆರಳನ್ನು ತಡೆದು, ಇದನ್ನು ಆ ವ್ಯಕ್ತಿಯ ಮುಖವನ್ನು ನೋಡುತ್ತ ಹೇಳಬಲ್ಲೆನೇ ಎಂದು ಕೇಳಿಕೊಳ್ಳುವ ಅಭ್ಯಾಸವು ಪ್ರತಿ ಮನೆಯಲ್ಲಿಯೂ ಬೆಳೆಯಲಿ. ಮಕ್ಕಳ ಕರಸ್ಥಲವು ನಿರ್ಮಲವಾಗಿರಲಿ. ಯಾವ ಮಗುವೂ ತನ್ನ ನೋವಿನಲ್ಲಿ ಒಂಟಿಯಾಗದಿರಲಿ.

ಶಿವಾರ್ಪಣಮಸ್ತು.