ಖಡ್ಗದ ಪಾಪ ಮತ್ತು ಕಮ್ಮಾರನ ಪಾಲು

ಕುಮಟಾ ತಾಲೂಕಿನ ಮಿರ್ಜಾನದಲ್ಲಿ, ಅಘನಾಶಿನಿ ನದಿಯ ಸಮೀಪ, ಕೆಂಪು ಜಂಬಿಟ್ಟಿಗೆಯಿಂದ ಕಟ್ಟಿದ ಕೋಟೆಯು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಈ ಜೈನ ರಾಣಿಯು ಮೆಣಸಿನ ನಾಡನ್ನು ಕಾಯಲು ಆಯುಧವನ್ನು ಆಶ್ರಯಿಸಬೇಕಾಗಿದ್ದುದರಿಂದ, ಖಡ್ಗದ ಹಿಂಸೆಯಲ್ಲಿ ಅದನ್ನು ಬಡಿದ ಕಮ್ಮಾರನಿಗೂ ಪಾಲುಂಟೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ.

ಜೈನ ಪುರಾಣದಂತೆ ಆದಿ ತೀರ್ಥಂಕರ ವೃಷಭನಾಥನು ಪ್ರಜೆಗಳಿಗೆ ಕಲಿಸಿದ ಆರು ಜೀವನೋಪಾಯಗಳಲ್ಲಿ ‘ಅಸಿ’, ಎಂದರೆ ಖಡ್ಗವನ್ನು ನಂಬಿ ಬಾಳುವ ವೃತ್ತಿ, ಮೊದಲನೆಯದು. ‘ಶಿಲ್ಪ’, ಎಂದರೆ ಕೈಕಸಬು, ಕೊನೆಯದು. ಆದರೆ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥನು ತೊರೆಯಬೇಕಾದ ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದ ಪಾಪಕ್ರಿಯೆಗಳಲ್ಲಿ, ‘ಹಿಂಸಾದಾನ’ವನ್ನು ಎಣಿಸಿ, ಕೊಡಲಿ, ಕತ್ತಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದೇ ಹಿಂಸಾದಾನವೆಂದು ವಿವರಿಸುತ್ತದೆ. ಒಪ್ಪಿಗೆಯೂ ನಿಷೇಧವೂ ಒಂದೇ ಪರಂಪರೆಯಲ್ಲಿವೆ ಎಂಬುದು ಗಮನಾರ್ಹ.

ಖಡ್ಗ ಬಡಿಯುವ ಕೆಲಸವನ್ನೇ ಪವಿತ್ರವೆಂದು ಕಾಣುವ ಪರಂಪರೆಯೂ ಉಂಟು. ಜಪಾನಿನ ಸಾಂಪ್ರದಾಯಿಕ ಖಡ್ಗಕಾರನು ಶುಚಿತ್ವದ ಗುರುತಾಗಿ ಕುಲುಮೆಗೆ ಹುಲ್ಲಿನ ಪವಿತ್ರ ಹಗ್ಗ ಕಟ್ಟಿ, ಉಕ್ಕನ್ನು ಮಡಿಸಿ ಮಡಿಸಿ ಬಡಿದು, ಅಲಗಿಗೆ ಜೇಡಿಮಣ್ಣು ಲೇಪಿಸಿ, ಕಾಸಿ ನೀರಿಗದ್ದುತ್ತಾನೆ. ತೆಳುವಾಗಿ ಲೇಪಿಸಿದ ಬಾಯಿ ಬೇಗ ತಣಿದು ಗಡುಸಾಗುತ್ತದೆ, ದಪ್ಪ ಲೇಪದ ಬೆನ್ನು ಮೆದುವಾಗಿಯೇ ಉಳಿಯುತ್ತದೆ. ಹಿಡಿಯೊಳಗೆ ಮರೆಯಾಗುವ ಭಾಗದಲ್ಲಿ ಅನೇಕರು ತಮ್ಮ ಹೆಸರನ್ನೂ ಕೊರೆದಿದ್ದಾರೆ. ಆದರೆ ಇಂಥ ಶುಚಿತ್ವವು ಕೆಲಸಗಾರನ ಮನಸ್ಸನ್ನು ತೊಳೆಯಬಹುದು, ಆಯುಧದ ಮುಂದಿನ ನಡೆಯನ್ನು ತೊಳೆಯಲಾರದು. ಸಮಂತಭದ್ರರ ದೃಷ್ಟಿಯೇ ಹೆಚ್ಚು ನಿಖರವಾದುದು, ಏಕೆಂದರೆ ಅದು ಪಾಪವನ್ನು ಕಬ್ಬಿಣದಲ್ಲಿ ಹುಡುಕದೆ ಕೊಡುವ ಕ್ರಿಯೆಯಲ್ಲಿ ಹುಡುಕುತ್ತದೆ. ಯಾರಿಗೆ, ಯಾವುದಕ್ಕೆಂದು ವಿಚಾರಿಸದೆ ಕತ್ತಿ ಒಪ್ಪಿಸಿದ ಕಮ್ಮಾರನು ಹೊಣೆಯಿಂದ ಮುಕ್ತನಲ್ಲ.